ಬಲಗಡೆ ಬಿದ್ದ ಹೂವು

ಐವತ್ತರ ದಶಕದಲ್ಲಿ ಶಿಡ್ಲಘಟ್ಟದ ನಮ್ಮ ಪಕ್ಕದ ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ವಿಧವೆಯೊಬ್ಬರಿದ್ದರು. ಕುದಿನೀರಿನಲ್ಲಿ ಅದ್ದಿ ಅದ್ದಿ ಅವರ ಬೆರಳುಗಳು ಸದಾ ಬಿಳಿಚಿಕೊಂಡಿರುತ್ತಿದ್ದವು. ಯಾರು ಏನು ಕೇಳಿದರೂ, "ಸ್ವಾಮೀನ ಕೇಳಿ ಹೇಳ್ತೀನಿ ಕಣಮ್ಮ" ಎನ್ನುತ್ತಿದ್ದರು.

ಚಿಂತಾಮಣಿಯಲ್ಲಿದ್ದ ಮಕ್ಕಳಿಲ್ಲದ ಅವರಣ್ಣ ತಂಗಿಯ ಕಿರಿಮಗಳನ್ನು ಸಾಕಲು ಕೇಳಿದಾಗಲೂ, ಆ ಮಗುವನ್ನೂ ನನ್ನನ್ನೂ ಜೊತೆಗೆ ಕರೆದುಕೊಂಡು ಆಂಜನೇಯನ ಗುಡಿಗೆ ಹೋದರು. ಕಣ್ಣುಮುಚ್ಚಿ ಬಹಳ ಹೊತ್ತು ಬೇಡಿಕೊಂಡರು. ದೇವರ ಬಲಭುಜದಿಂದ ಹೂವು ಬಿತ್ತು.

"ಅಪ್ಪಣೆಯಾಯ್ತಮ್ಮ, ಕಳಿಸಿಕೊಡು" ಎಂದರು ಅರ್ಚಕರು.

ಆಕೆ ಆ ಹೂವನ್ನು ಮಗಳಿಗೆ ಮುಡಿಸಿ ಮೆಲ್ಲಗೆ ಕೇಳಿದರು: "ಇನ್ನೊಂದು ಸಲ ಕೇಳಬೋದಾ ಐನೋರೆ?"

ಅರ್ಚಕರು ಮಂಗಳಾರತಿ ತಟ್ಟೆಯನ್ನು ಮುಂದೆ ಹಿಡಿದರು.

ಮರುದಿನ ಮಗುವನ್ನು ಅಣ್ಣನ ಜೊತೆ ಬಸ್ಸು ಹತ್ತಿಸಿದರು. ಬಸ್ಸು ಕಣ್ಮರೆಯಾದರೂ ಅಲ್ಲೇ ನಿಂತಿದ್ದರು.

"ಮನೆಗೆ ಹೋಗಣ ಬನ್ನಿ ಅಕ್ಕ" ಎಂದೆ.

"ನೀನು ಹೋಗಮ್ಮ. ಮಗು ಅತ್ತು ವಾಪಸ್ ಬಂದ್ರೆ, ಇಲ್ಲಿ ನಾನಿರಬೇಕಲ್ಲ."