ಬ್ರೈಲ್ ಪ್ರಿಂಟರ್‌ಗೆ ಡ್ರೈವರ್ ಬರೆದದ್ದು

ನಿವೃತ್ತಿಗೆ ಒಂದು ವರ್ಷ ಬಾಕಿಯಿತ್ತು. ನಾನಾಗ ಸಾಗರದ ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಉಪನ್ಯಾಸಕ. ಹೊಸನಗರದಿಂದ ನಾಗವೇಣಿ ಎಂಬ ಶಿಕ್ಷಕಿ ಫೋನ್ ಮಾಡಿದರು. ಹುಟ್ಟಿನಿಂದಲೇ ಅವರಿಗೆ ಕಣ್ಣು ಕಾಣದು. ಹೊಸನಗರ, ತೀರ್ಥಹಳ್ಳಿಯ ಶಾಲೆಗಳಿಗೆ ಬಸ್ಸಿನಲ್ಲಿ ಓಡಾಡಿ ಅಂಧ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ದಾನವಾಗಿ ಬಂದ ಬ್ರೈಲ್ ಪ್ರಿಂಟರ್ ಒಂದಿತ್ತು. ಹೊಸ ಕಂಪ್ಯೂಟರ್‌ನಲ್ಲಿ ಅದು ಕೆಲಸ ಮಾಡುತ್ತಿರಲಿಲ್ಲ. ತಯಾರಿಸಿದ ವಿದೇಶಿ ಕಂಪನಿಯೇ ಮುಚ್ಚಿಹೋಗಿತ್ತು.

"ಮೂರು ಮಕ್ಕಳು ಎಸ್ಸೆಸ್ಸೆಲ್ಸಿ ಸರ್. ನೋಟ್ಸ್ ಎಲ್ಲ ಕೈಯಲ್ಲೇ ಚುಚ್ಚಿ ಬರೀತಾ ಇದೀನಿ. ಪರೀಕ್ಷೆಯೊಳಗೆ ಮುಗಿಯಲ್ಲ" ಎಂದರು.

ಕಂಪ್ಯೂಟರ್‌ನ ಆದೇಶವನ್ನು ಯಂತ್ರಕ್ಕೆ ಅರ್ಥವಾಗುವಂತೆ ದಾಟಿಸುವ ಪ್ರೋಗ್ರಾಂಗೆ ಡ್ರೈವರ್ ಎನ್ನುತ್ತಾರೆ. ನಾನು ಅದುವರೆಗೆ ಒಂದನ್ನೂ ಬರೆದವನಲ್ಲ. ಪ್ರಿಂಟರನ್ನು ಮನೆಗೆ ತಂದು, ಲಿನಕ್ಸ್ ಕಂಪ್ಯೂಟರ್‌ಗೆ ಜೋಡಿಸಿ, ಒಂದೊಂದೇ ಸಂಖ್ಯೆ ಕಳಿಸುತ್ತ ಹೋದೆ. ಬ್ರೈಲ್‌ನ ಪ್ರತಿ ಅಕ್ಷರಕ್ಕೂ ಆರು ಚುಕ್ಕೆಗಳ ಜಾಗ. ಯಾವ ಸಂಖ್ಯೆಗೆ ಯಾವ ಚುಕ್ಕೆ ಮೂಡುತ್ತದೆಂದು ನೋಡಿ ಪಟ್ಟಿ ಮಾಡಿದೆ. ಮೂರು ವಾರದ ನಂತರ, ಸಾಲಿಗೊಂದರಂತೆ ಅಕ್ಷರ ಮುದ್ರಿಸಿದ ಹಾಳೆ ಹಿಡಿದು ಹೆಮ್ಮೆಯಿಂದಲೇ ಹೊಸನಗರದ ಬಸ್ಸು ಹತ್ತಿದೆ.

ನಾಗವೇಣಿಯವರು ಬೆರಳಾಡಿಸಿದರು. ಮತ್ತೊಮ್ಮೆ ಆಡಿಸಿದರು.

"ಸರ್, ಹ ಇರ್ಬೇಕಾದಲ್ಲಿ ಜ ಇದೆ. ಜ ಇರ್ಬೇಕಾದಲ್ಲಿ ಹ. ನೀವು ಹಾಳೆನ ಯಾವ ಕಡೆಯಿಂದ ನೋಡಿದ್ರಿ?"

"ಯಂತ್ರದಿಂದ ಬಂದ ಹಾಗೇ ನೋಡಿದೆ ಮೇಡಂ. ಗುಳಿ ಚೆನ್ನಾಗಿ ಕಾಣ್ತಿತ್ತು."

ಅವರಿಗೆ ನಗು ತಡೆಯಲಾಗಲಿಲ್ಲ. "ಅದು ಹಾಳೆ ಬೆನ್ನು ಸರ್! ಉಬ್ಬಿದ್ದು ಆಚೆ ಕಡೆ ಇರ್ತದೆ. ಬೆನ್ನಿಂದ ನೋಡಿದ್ರೆ ಎಡದ ಚುಕ್ಕೆ ಬಲಕ್ಕೆ ಹೋಗಿ, ಹ ಇದ್ದದ್ದು ಜ ಥರ ಕಾಣ್ತದೆ. ಬ್ರೈಲ್ ಸ್ಲೇಟಿನ ಚೌಕಟ್ಟಲ್ಲಿ ಹಾಳೆ ಇಟ್ಟು ಚುಚ್ಚುವಾಗ ನಾವೂ ಬೆನ್ನಿಂದಲೇ, ಉಲ್ಟಾ ಬರೆಯೋದು. ಅದಕ್ಕೇ ತಕ್ಷಣ ಗೊತ್ತಾಯ್ತು."

ನಾಚಿಕೆಯಾಯಿತು; ಅದಕ್ಕಿಂತ ಹೆಚ್ಚಾಗಿ ಬೆರಗಾಯಿತು. ಮೂರು ವಾರ ನನ್ನ ಕಣ್ಣಿಗೆ ಬೀಳದ ತಪ್ಪನ್ನು ಅವರ ಬೆರಳು ಎರಡು ನಿಮಿಷದಲ್ಲಿ ಹಿಡಿದಿತ್ತು. ಮುಂದಿನ ಭಾನುವಾರ ಯಂತ್ರವನ್ನೇ ಅವರ ಮನೆಗೆ ಒಯ್ದೆ. ನಾನು ಕೋಡ್ ತಿದ್ದುವುದು, ಅವರು ಹಾಳೆ ಓದುವುದು. ಸಾಲುಗಳು ಒತ್ತಾಗಿವೆ, ಬೆರಳು ದಾರಿ ತಪ್ಪುತ್ತದೆ ಎಂದರು, ಅಂತರ ಹೆಚ್ಚಿಸಿದೆ. ಒತ್ತಕ್ಷರದ ಚುಕ್ಕೆ ಅಕ್ಷರಕ್ಕಿಂತ ಮೊದಲು ಬರಬೇಕೆಂದರು, ಅದನ್ನೂ ಸರಿಪಡಿಸಿದೆ. ಸಂಜೆಯ ಹೊತ್ತಿಗೆ ಸಮಾಜ ವಿಜ್ಞಾನದ ಮೊದಲ ಪಾಠ ತಪ್ಪಿಲ್ಲದೆ ಹೊರಬಂತು. ಪರೀಕ್ಷೆಗೆ ಮೊದಲೇ ಮೂವರಿಗೂ ಎಲ್ಲ ನೋಟ್ಸ್ ಸಿಕ್ಕಿತು.

ಡ್ರೈವರನ್ನು ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಓಪನ್ ಸೋರ್ಸ್ ಆಗಿ ಇಂಟರ್‌ನೆಟ್‌ನಲ್ಲಿ ಹಾಕಿದೆವು. ಕರ್ತೃಗಳ ಜಾಗದಲ್ಲಿ ಅವರ ಹೆಸರನ್ನು ಮೊದಲು ಬರೆದೆ.

"ನಾನೆಂತ ಮಾಡಿದೀನಿ ಸರ್, ಬರೀ ಓದಿದ್ದು" ಎಂದು ಆಕ್ಷೇಪಿಸಿದರು. ನಾನು ಬದಲಿಸಲಿಲ್ಲ.

ಯಂತ್ರವನ್ನು ಯಾರು ಬಳಸುತ್ತಾರೋ ಅವರನ್ನು ಕೆಲಸ ಮುಗಿದ ಮೇಲಲ್ಲ, ಮೊದಲ ದಿನವೇ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಎಷ್ಟೋ ವರ್ಷ ಪಾಠ ಹೇಳಿದ ನಾನು ಇದನ್ನು ಕಲಿತದ್ದು ನಿವೃತ್ತಿಯ ಅಂಚಿನಲ್ಲಿ, ಇನ್ನೊಬ್ಬ ಶಿಕ್ಷಕಿಯಿಂದ.