ಮೆಣಸಿನಕಾಯಿ ಚೀಲದಲ್ಲಿ ಹೋದ ಡೊಳ್ಳು

ಅವರು ಕಣ್ಣೊರೆಸಿಕೊಳ್ಳುತ್ತಿದ್ದುದು ಮೊಣಕೈಯ ಒಳಬದಿಯಿಂದ. ಬೆರಳನ್ನು ಮುಖದ ಹತ್ತಿರ ತರುತ್ತಲೇ ಇರಲಿಲ್ಲ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಜೀವಮಾನವೆಲ್ಲ ಒಣಮೆಣಸಿನಕಾಯಿ ಚೀಲ ಹೊತ್ತ ಕೈ ಅದು. ಎಷ್ಟು ಸೋಪು ಹಚ್ಚಿ ತೊಳೆದರೂ ಉಗುರಿನ ಸಂದಿಯಲ್ಲಿ ಕೆಂಪು ಉಳಿದೇ ಇರುತ್ತಿತ್ತು. ಮೊಮ್ಮಕ್ಕಳ ಕೆನ್ನೆ ಸವರುವಾಗಲೂ ಅಂಗೈ ಬಿಟ್ಟು ಹಿಂಗೈಯಿಂದಲೇ ಸವರುತ್ತಿದ್ದರು.

ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ರಕ್ತಸಂಬಂಧವೇನೂ ಇಲ್ಲ. ಮಾರುಕಟ್ಟೆಯಲ್ಲಿ ನಮ್ಮಪ್ಪನದು ಖಾಲಿ ಚೀಲ ಮಾರುವ ಅಂಗಡಿ, ಅವರು ಅಲ್ಲಿ ಹಮಾಲರು. ಸಂಜೆ ಕಾಗಿನೆಲೆ ಕಡೆಯ ತಮ್ಮೂರಿಗೆ ಬಸ್ಸು ಹತ್ತುವ ಮುಂಚೆ ನಮ್ಮ ಕಟ್ಟೆಯ ಮೇಲೆ ಕುಳಿತು ಅರ್ಧ ಕಪ್ಪು ಚಹಾ ಕುಡಿಯುವುದು ಅವರ ರೂಢಿ. ಊರಿನ ಡೊಳ್ಳಿನ ಮೇಳಕ್ಕೆ ಅವರೇ ಮುಂದಾಳು ಎಂಬುದು ನನಗೆ ಗೊತ್ತಾದದ್ದು ಹಾವೇರಿಯಲ್ಲಿ ಕಾಲೇಜು ಸೇರಿದ ಮೇಲೆ. ಅಲ್ಲಿ ನಾವು ಎಂಟು ಹುಡುಗಿಯರು ಡೊಳ್ಳು ಕಲಿಯಬೇಕೆಂದು ಹೊರಟಾಗ ಹೋಗಿ ಅವರನ್ನೇ ಕೇಳಿದೆ.

"ಕಲಸ್ತೇನಿ. ಉಗುರು ಕತ್ತರಿಸ್ಕೊಂಡು ಬರ್ರಿ," ಎಂದರು. ಅದೊಂದೇ ಷರತ್ತು.

ವ್ಯಾಪಾರ ಮುಗಿದು ಖಾಲಿಯಾದ ಮಾರುಕಟ್ಟೆಯ ಅಂಗಳದಲ್ಲಿ ನಮ್ಮ ಪಾಠ. ಕಾಲು ಎತ್ತಿ ಇಟ್ಟರೆ ಸಾಕು, ಮೆಣಸಿನಕಾಯಿ ಧೂಳು ಎದ್ದು ಎಂಟೂ ಜನ ಸೀನುತ್ತಿದ್ದೆವು. ಕಾಕಾ ನಗುತ್ತಿರಲಿಲ್ಲ. "ಸೀನು ಬಂದ್ರ ಬರ್ಲಿ. ತಾಳದ ಮ್ಯಾಲ ಸೀನ್ರಿ," ಎನ್ನುತ್ತಿದ್ದರು. ತಿಂಗಳು ಕಳೆಯುವುದರೊಳಗೆ ಅದನ್ನೂ ಕಲಿತೆವು.

ಮರುವರ್ಷ ನಮಗೆ ಪೋಲೆಂಡಿನ ಒಂದು ಸಣ್ಣ ಊರಿನಲ್ಲಿ ನಡೆಯುವ ವಿದ್ಯಾರ್ಥಿಗಳ ಕೂಟಕ್ಕೆ ಹೋಗುವ ಅವಕಾಶ ಬಂತು. ದಿನಕ್ಕೊಂದು ದೇಶದವರು ಸಂಜೆ ತಮ್ಮ ಹಾಡು, ಕುಣಿತ ತೋರಿಸಬೇಕು. ಕಾಲೇಜಿನ ಡೊಳ್ಳುಗಳಿಗೆಲ್ಲ ಫೈಬರ್ ಹೊದಿಕೆ. ಹೊರಡುವ ಹಿಂದಿನ ದಿನ ಕಾಕಾ ತಮ್ಮ ತಂದೆಯ ಕಾಲದ ಚರ್ಮದ ಡೊಳ್ಳನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು ನನ್ನ ಮುಂದಿಟ್ಟರು. "ಅವು ಏಳು ಇರ್ಲಿ. ಮುಂದ ಒಂದು ಚರ್ಮದ್ದು ಬೇಕು. ಇದು ಊರು ಬಿಟ್ಟು ಹೊರಗ ಹೋಗಿಲ್ಲ, ಯವ್ವಾ. ಕೂಸಿನಂಗ ನೋಡ್ಕೊ."

ಏಟು ಬೀಳಬಾರದೆಂದು ಅದನ್ನು ಮೆಣಸಿನಕಾಯಿ ತುಂಬುವ ಎರಡು ಗೋಣಿಚೀಲದಲ್ಲಿ ಸುತ್ತಿ ಹೊಲಿದಿದ್ದರು. ಝಾಡಿಸಿ ಬಿಸಿಲಿಗೆ ಹಾಕಿದ ಚೊಕ್ಕ ಚೀಲ ಎಂಬುದು ಅವರ ನಂಬಿಕೆ. ನನಗೂ ಯಾವ ವಾಸನೆಯೂ ಬರಲಿಲ್ಲ. ಬ್ಯಾಡಗಿಯವರ ಮೂಗಿಗೆ ಅದೆಲ್ಲಿ ಬರಬೇಕು? ಆ ದೇಶದ ವಿಮಾನ ನಿಲ್ದಾಣದಲ್ಲಿ ಹೊಲಿಗೆ ಬಿಚ್ಚಿಸಿದ ಅಧಿಕಾರಿ ಸೀನತೊಡಗಿದರೆ ನಿಲ್ಲಿಸಲೇ ಇಲ್ಲ. ಪಾಪ, ಅವರಿಗೆ ತಾಳವೂ ಗೊತ್ತಿರಲಿಲ್ಲ.

ನಮ್ಮ ಸರದಿಯ ದಿನ ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ತೇವಕ್ಕೆ ಚರ್ಮ ಸಡಿಲಾಗಿ ಡೊಳ್ಳು ಒದ್ದೆ ಹಾಸಿಗೆ ಬಡಿದಂತೆ ಸದ್ದು ಮಾಡಿತು. ಬೆಂಕಿಗೆ ಕಾಸಬೇಕು, ಆದರೆ ಆ ಕಟ್ಟಡದಲ್ಲಿ ಊದುಬತ್ತಿ ಹಚ್ಚಲೂ ಬಿಡುವುದಿಲ್ಲ. ಅಪ್ಪನಿಗೆ ಫೋನು ಮಾಡಿದೆ. ಅಲ್ಲಿ ಚಹಾದ ಹೊತ್ತು; ಕಾಕಾ ಕಟ್ಟೆಯ ಮೇಲೇ ಇದ್ದರು.

"ಆ ಊರಾಗ ಮಂದಿ ಏನ ತಿಂತಾರ?"

"ಬ್ರೆಡ್ರಿ ಕಾಕಾ."

"ಹಂಗಾರ ಅದನ್ನ ಸುಡಾವ್ರು ಇರ್ತಾರಲ್ಲ, ಅವ್ರ ಒಲಿ ಹುಡುಕು. ಡೊಳ್ಳಿನ ಕಟ್ಟಿಗಿ ಬೆನ್ನು ಒಲಿಗೆ ಇರ್ಲಿ, ಚರ್ಮದ ಮುಖ ಮಾಡಬ್ಯಾಡ. ಲಗೂ ಮಾಡಬ್ಯಾಡ, ಸಾವಕಾಶ ಕಾಯಲಿ."

ಎರಡು ಬೀದಿಯಾಚೆ ಬೇಕರಿ ಸಿಕ್ಕಿತು. ಅಲ್ಲಿಯ ಹೆಂಗಸಿಗೆ ನಮ್ಮ ಭಾಷೆ ತಿಳಿಯದು, ನಮಗೆ ಅವರದು. ಡೊಳ್ಳನ್ನು ಒಮ್ಮೆ ಬಾರಿಸಿ ಮುಖ ಸಪ್ಪೆ ಮಾಡಿದೆ. ಆಕೆ ನಕ್ಕು ಒಲೆಯ ಪಕ್ಕದ ಹಿಟ್ಟಿನ ಮೇಜು ಖಾಲಿ ಮಾಡಿಕೊಟ್ಟರು. ಒಂದು ತಾಸು ಕಾದೆ. ಕಾರ್ಯಕ್ರಮದ ಹೊತ್ತು ಹತ್ತಿರವಾದಂತೆ ನನಗೆ ತಡೆಯಲಾಗಲಿಲ್ಲ. ಡೊಳ್ಳಿನ ಮುಖವನ್ನೇ ಒಲೆಯತ್ತ ತಿರುಗಿಸಿಬಿಟ್ಟೆ. ಹತ್ತು ನಿಮಿಷದಲ್ಲಿ ಅದು ಖಣಖಣ ಎಂದಿತು. ಕಾಕಾನ ಎಚ್ಚರಿಕೆ ಅತಿಯಾಯಿತು ಎಂದು ಮನಸ್ಸಿನಲ್ಲೇ ಅಂದುಕೊಂಡೆ ಕೂಡ.

ಕುಣಿತ ಅರ್ಧಕ್ಕೆ ಬಂದಾಗ ಕೋಲಿನ ಕೆಳಗೆ ಚರ್ಮ ಪರ್ರನೆ ಹರಿಯಿತು. ಕಾಲು ಮಾತ್ರ ನಿಲ್ಲಲಿಲ್ಲ, ಅದು ಆ ಕೆಂಪು ಅಂಗಳದ ಪುಣ್ಯ. ಒಂದು ಸುತ್ತು ಹೊಡೆಯುತ್ತಲೇ ಡೊಳ್ಳನ್ನು ತಿರುವಿ, ಎಡಗಡೆಯ ಮುಖವನ್ನು ಕೋಲಿನ ಕಡೆಗೆ ತಂದುಕೊಂಡೆ. ಗೆಳತಿಯರು ಏಳೂ ಜನ ದನಿ ಏರಿಸಿ ನನ್ನನ್ನು ಮುಚ್ಚಿಕೊಂಡರು. ಸಭೆ ಅದನ್ನೂ ಒಂದು ಪಟ್ಟು ಎಂದುಕೊಂಡು ಚಪ್ಪಾಳೆ ತಟ್ಟಿತು. ಬೇಕರಿಯ ಹೆಂಗಸು ಹಿಟ್ಟಿನ ಏಪ್ರನ್ನಿನಲ್ಲೇ ಬಂದು ಮುಂದಿನ ಸಾಲಿನಲ್ಲಿ ನಿಂತಿದ್ದರು.

ಮರುದಿನ ಕಾಕಾ ಫೋನಿನಲ್ಲಿ ಕೇಳಿದರು. "ಚಲೋ ಆತ್ರಿ," ಎಂದೆ. "ಡೊಳ್ಳು?" ಎಂದರು. "ಅದೂ ಚಲೋ ಐತ್ರಿ."

ಊರಿಗೆ ಬಂದವಳು ಡೊಳ್ಳನ್ನು ಅದೇ ಚೀಲದಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದೆ. ಹನ್ನೆರಡು ದಿನ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಕಾಕಾ ದಿನಾ ಬಂದು ಚಹಾ ಕುಡಿದು ಹೋಗುತ್ತಿದ್ದರು, ಡೊಳ್ಳಿನ ಮಾತೇ ಎತ್ತಲಿಲ್ಲವಂತೆ. ಬೈದಿದ್ದರೆ ಬದುಕುತ್ತಿದ್ದೆ. ಹದಿಮೂರನೆಯ ದಿನ ನಾನೇ ಹೊತ್ತುಕೊಂಡು ಹೋಗಿ ಕಟ್ಟೆಯ ಮೇಲಿಟ್ಟೆ.

ಅವರು ಚೀಲ ಬಿಚ್ಚಿ, ಹರಿದಲ್ಲಿ ಮಣಿಕಟ್ಟಿನವರೆಗೆ ಕೈ ತೂರಿಸಿ ನೋಡಿದರು. "ಒಲಿಗೆ ಮುಖ ಮಾಡಿದ್ದಿ."

"ಹೂಂರಿ ಕಾಕಾ."

"ಕುಣಿತ ನಿಂತಿತೇನು?"

"ಇಲ್ರಿ. ತಿರುವಿ ಹಾಕ್ಕೊಂಡೆ."

"ಹಂಗಾರ ಚರ್ಮ ಅಷ್ಟ ಹರದೈತಿ ಬಿಡು. ಚರ್ಮ ಅಂದಮ್ಯಾಗ ಒಂದಿನ ಹರಿಯೂದ," ಎಂದು ಮೊಣಕೈಯಿಂದ ಕಣ್ಣೊರೆಸಿಕೊಂಡರು. "ಫೋನಿನ್ಯಾಗ ನಿನ್ನ ದನಿ ಸಡ್ಲ ಇತ್ತು. ಆವಾಗ ಗೊತ್ತಾತು. ಹನ್ನೆರಡು ದಿನ ಸುಮ್ನ ಸಂಕಟ ತಿಂದೆಲ್ಲ, ಅದಕ್ಕ ನನಗ ಬ್ಯಾಸರ."

ಹೊಸ ಚರ್ಮವನ್ನು ನನ್ನ ಕೈಯಲ್ಲೇ ಹಾಕಿಸಿದರು. ನೆನೆಹಾಕುವುದು, ಹೆರೆಯುವುದು, ಹಗ್ಗ ಎಳೆದು ಬಿಗಿಯುವುದು. ಅಂಗೈಯಲ್ಲಿ ಬೊಬ್ಬೆ ಎದ್ದವು. ಬಿಗಿದಾದ ಮೇಲೆ ಬೆರಳಿನಿಂದ ಒಮ್ಮೆ ತಟ್ಟಿ, ಕಿವಿಗೊಟ್ಟು, "ಇನ್ನ ಇದು ನಿನ್ನ ಹತ್ರನ ಇರ್ಲಿ," ಎಂದರು. ಅವರ ಮಕ್ಕಳಾರೂ ಬಾರಿಸುವವರಲ್ಲ, ನಿಜ. ಆದರೂ ಹರಿದವಳ ಕೈಗೇ ಮತ್ತೆ ಕೊಡುವುದು ಎಲ್ಲರಿಂದ ಆಗುವ ಮಾತಲ್ಲ.

ಹೋದ ವರ್ಷ ಕಾಕಾ ತೀರಿಕೊಂಡರು. ಬಸ್ಸಿನ ದಾರಿ ಕಾಯುತ್ತ ನಮ್ಮ ಕಟ್ಟೆಯ ಮೇಲೆ ಕುಳಿತಿದ್ದವರು ಹಾಗೇ ಗೋಡೆಗೆ ಒರಗಿದರು. ಅಪ್ಪ ಚಹಾ ಹಿಡಿದು ಬಂದಾಗ ಎಲ್ಲ ಮುಗಿದಿತ್ತು.

ನಾನೀಗ ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಮೊನ್ನೆ ನಮ್ಮ ಕಾಲೇಜಿನ ಮಕ್ಕಳು ನೇಪಾಳಕ್ಕೆ ಹೊರಟರು. ಅಲ್ಲಿಯೂ ಒಂದು ಸಂಜೆ ಇವರದಂತೆ. ಕುಪ್ಪೇಲೂರಿನ ಹುಡುಗಿಯೊಬ್ಬಳು ಹಿಂಜರಿಯುತ್ತ ನನ್ನ ಡೊಳ್ಳು ಕೇಳಿದಳು. ಕೊಡಲಾರೆ ಎಂದು ಬಾಯಿಗೆ ಬಂದಿತ್ತು. ಒಳಗೆ ಹೋಗಿ ಗೋಣಿಚೀಲದಲ್ಲಿ ಸುತ್ತಿ ಹೊಲಿದು ತಂದೆ. ಬೆಂಕಿಗೆ ಹೇಗಿಡಬೇಕೆಂದು ಹೇಳಿಕೊಟ್ಟೆ. ಅವಳು ಹೊತ್ತುಕೊಂಡು ಬಾಗಿಲು ದಾಟುವಾಗ ಮತ್ತೆ ಕರೆದೆ.

"ಹರದ್ರ ಅವತ್ತ ಫೋನ್ ಮಾಡು," ಎಂದೆ. "ನಾನೂ ಒಮ್ಮೆ ಹರದೇನಿ."