ಅನುಮಾನದ ಮೇಷ್ಟ್ರು

ನಾನು ಲೆಕ್ಕಕ್ಕೆ ಉತ್ತರ ಹೇಳಿದ ಕೂಡಲೇ ಮೇಷ್ಟ್ರ ಎಡಗಣ್ಣು ಅರ್ಧ ಮುಚ್ಚಿಕೊಳ್ಳುತ್ತಿತ್ತು. ಒಂದು ಕಡೆ ದಾರ ಕಟ್ಟಿದ ಕನ್ನಡಕದ ಮೇಲಿಂದ ಬಲಗಣ್ಣು ಮಾತ್ರ ನನ್ನನ್ನು ನೋಡುತ್ತಿತ್ತು. ಆಮೇಲೆ ಅದೇ ಪ್ರಶ್ನೆ: "ಯಾರು ಹೇಳಿಕೊಟ್ಟರು?"

ನಂಜನಗೂಡಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಆಗ ನಾವು ಹನ್ನೊಂದು ಜನ. ಮೇಷ್ಟ್ರು ಹಲಗೆಯ ಮೇಲೆ ಲೆಕ್ಕ ಬರೆದು ಮುಗಿಸುವ ಮೊದಲೇ ನನ್ನ ಕೆಲಸ ಮುಗಿದಿರುತ್ತಿತ್ತು. ಉಳಿದ ಹೊತ್ತೆಲ್ಲ ಸೂರಿನ ಹೆಂಚು ಎಣಿಸುತ್ತಿದ್ದೆ. ಕದ್ದು ಬರೆಯುತ್ತೇನೆಂದು ಅವರು ನನ್ನನ್ನು ಗೋಡೆಗೆ ಮುಖ ಮಾಡಿ ಕೂರಿಸಿದರು. ಪುಸ್ತಕದಲ್ಲಿಲ್ಲದ ಲೆಕ್ಕ ಕೊಟ್ಟರು. ಅದೂ ಸರಿಹೋದಾಗ, ಮನೆಯಲ್ಲಿ ಅಪ್ಪ ಹೇಳಿಕೊಡುತ್ತಿರಬೇಕು ಎಂದರು. ಗದ್ದೆ ಮಾಡುವ ನಮ್ಮಪ್ಪನಿಗೆ ಸಹಿ ಹಾಕುವುದಕ್ಕೂ ಬರುತ್ತಿರಲಿಲ್ಲ.

ಕೊನೆಗೆ ಶಾಲೆ ಬಿಟ್ಟ ಮೇಲೂ ನನ್ನೊಬ್ಬಳನ್ನೇ ಉಳಿಸಿಕೊಂಡು ಲೆಕ್ಕ ಕೊಡಲು ಶುರು ಮಾಡಿದರು. ನನ್ನನ್ನು ಹಿಡಿದುಹಾಕುವುದಕ್ಕೇ ಇದೆಲ್ಲ ಎಂದು ನನಗೆ ಒಳಗೊಳಗೇ ಭಯ. ಅಜ್ಜಿಗೆ ಬೇರೆಯೇ ಅನುಮಾನ.

"ಎಲ್ಲಾ ಐಕ್ಳೂ ಮನೆಗ್ ಬತ್ತವೆ, ಇವ್ಳೊಬ್ಳನ್ನೇ ಯಾಕ್ ಇಟ್ಕೊತಾನೆ?" ಎಂದು ಎಲೆಅಡಿಕೆ ಚೀಲ ಹಿಡಿದು ಬಂದು ಶಾಲೆಯ ಬಾಗಿಲಲ್ಲೇ ಕೂತಳು.

ಮೇಷ್ಟ್ರು ಚಾಪೆ ಹಾಸಿಕೊಟ್ಟರು. "ಕೂತ್ಕೊಳ್ಳಿ ತಾಯಿ. ನಿಮಗೆ ನನ್ನ ಮೇಲೆ ಅನುಮಾನ, ನನಗೆ ಇವಳ ಮೇಲೆ. ಇಬ್ಬರೂ ಕಾಯೋಣ."

ಒಂದು ದಿನ ಹೊಲ ಅಳೆಯುವ ಪಾಠ. ಎದುರುಬದುರು ಬದಿಗಳನ್ನು ಕೂಡಿ ಅರ್ಧ ಮಾಡು, ಎರಡು ಅರ್ಧಗಳನ್ನು ಗುಣಿಸು, ಅದೇ ಹೊಲದ ವಿಸ್ತೀರ್ಣ.

"ಇದು ತಪ್ಪು ಮೇಷ್ಟ್ರೇ" ಎಂದುಬಿಟ್ಟೆ.

ಎಡಗಣ್ಣು ಮುಚ್ಚಿತು. ನಾನು ಅಂಗಳದಿಂದ ನಾಲ್ಕು ಕಡ್ಡಿ ತಂದು, ತುದಿಗಳನ್ನು ದಾರದಿಂದ ಕಟ್ಟಿ ಚೌಕ ಮಾಡಿದೆ. ಎದುರು ಮೂಲೆಗಳನ್ನು ಹಿಡಿದು ಎಳೆದೆ. ಚೌಕ ಸೊರಗಿ ಸೊರಗಿ ಗೆರೆಯಂತಾಯಿತು. "ಕಡ್ಡಿ ಅಷ್ಟೇ ಉದ್ದ ಅವೆ. ಹೊಲ ಎಲ್ಲಿ ಹೋಯ್ತು?"

ಅವರು ಕಡ್ಡಿಗಳನ್ನು ಕಿತ್ತುಕೊಂಡರು. ಬಿಡಿಸಿದರು, ಒತ್ತಿದರು, ಮತ್ತೆ ಬಿಡಿಸಿದರು. "ಇಷ್ಟು ವರ್ಷ ತಪ್ಪು ಹೇಳಿಕೊಟ್ಟೆನಲ್ಲ" ಎಂದು ಮೆಲ್ಲಗೆ ಅಂದರು. ಮುಂದಿನ ವಾರದಿಂದ ರೇಖಾಗಣಿತ ಶುರುವಾಯಿತು. ಪ್ರತಿ ಸೋಮವಾರ ಒಂದು ಹೊಸ ಪಾಠ, ಹಿಂದಿನದಕ್ಕಿಂತ ಕಷ್ಟದ್ದು.

ತನಿಖೆಗೆ ಬಂದ ಇನ್‌ಸ್ಪೆಕ್ಟರು ನನ್ನ ಸ್ಲೇಟು ನೋಡಿ ನಕ್ಕರು. "ಚೆನ್ನಾಗಿ ಬಾಯಿಪಾಠ ಮಾಡಿಸಿದ್ದೀರಿ."

ಮೇಷ್ಟ್ರ ಮುಖ ಕೆಂಪಾಯಿತು. "ಅನುಮಾನ ಇದ್ದರೆ ನನ್ನ ಮೇಲಿರಲಿ ಸ್ವಾಮಿ. ನಾನು ಹೊರಗಿರುತ್ತೇನೆ, ನೀವೇ ಕೇಳಿ" ಎಂದು ಹೋಗಿ ಬಾವಿಯ ಆಚೆ ಬಿಸಿಲಲ್ಲಿ ನಿಂತರು. ಇನ್‌ಸ್ಪೆಕ್ಟರು ಐದು ಲೆಕ್ಕ ಕೊಟ್ಟರು. ಐದನ್ನೂ ಮಾಡಿದೆ. ಆದರೂ ಯಾರಾದರೂ ಸನ್ನೆ ಮಾಡುತ್ತಿದ್ದಾರೇನೋ ಎಂದು ಅವರು ಬಾಗಿಲ ಕಡೆ ತಿರುಗಿ ನೋಡಿದರು. ಅಲ್ಲಿ ಅಜ್ಜಿ ಎದ್ದು ನಿಂತಿದ್ದಳು.

"ಇವ್ರ ಕಳ್ಳಾಟ ಇಡೀಬೇಕು ಅಂತ ಮೂರ್ ತಿಂಗ್ಳಿಂದ ಇಲ್ಲೇ ಕೂತಿವ್ನಿ ಸಾ. ಅವ್ರು ಕೇಳ್ತಾರೆ, ಇವ್ಳು ಏಳ್ತಾಳೆ. ಕಳ್ಳಾಟ ಮಾತ್ರ ಒಂದಿನಾನೂ ಕಾಣ್ಲಿಲ್ಲ."

ಇನ್‌ಸ್ಪೆಕ್ಟರು ಬರೆದ ಶಿಫಾರಸಿನಿಂದ ನನಗೆ ಮೈಸೂರಿನ ಶಾಲೆಯಲ್ಲಿ ಜಾಗ ಸಿಕ್ಕಿತು. ಅಪ್ಪ ಗೊತ್ತು ಮಾಡಿದ್ದ ಮದುವೆಯನ್ನು ಅಜ್ಜಿಯೇ ಮುಂದಕ್ಕೆ ಹಾಕಿಸಿದಳು.

ನಾನು ಮೈಸೂರಿನಲ್ಲಿದ್ದಾಗಲೇ ಮೇಷ್ಟ್ರು ಜ್ವರದಲ್ಲಿ ತೀರಿಕೊಂಡರು. ಸುದ್ದಿ ತಿಳಿದು ಹೋದಾಗ ಅವರ ಹೆಂಡತಿ ನನ್ನನ್ನು ಬಹಳ ಹೊತ್ತು ನೋಡಿದರು.

"ಆ ಹುಡುಗಿ ನೀನೇನಾ? ನಿನ್ನಿಂದ ಒಂದು ಶನಿವಾರವೂ ಅವರು ಮನೇಲಿ ನಿಲ್ಲಲಿಲ್ಲ. ರೈಲು ಹತ್ತಿ ಮೈಸೂರಿಗೆ ಹೋಗಿ, ಯಾರೋ ಕಾಲೇಜಿನವರ ಹತ್ತಿರ ಆ ರೇಖಾಗಣಿತ ಹೇಳಿಸಿಕೊಂಡು ಬರೋರು. ಭಾನುವಾರ ಪೂರ್ತಿ ಕೂತು ಉರು ಹೊಡೆಯೋರು. ಈ ವಯಸ್ಸಲ್ಲಿ ಯಾಕೆ ಅಂದರೆ, ಸೋಮವಾರ ಅವಳು ಏನು ಕೇಳ್ತಾಳೋ ಅನ್ನೋರು."

ಮೇಷ್ಟ್ರಿಗೆ ಅದೆಲ್ಲ ಮೊದಲೇ ಗೊತ್ತಿತ್ತು ಎಂದೇ ನಾನು ಅಲ್ಲಿಯವರೆಗೆ ನಂಬಿದ್ದೆ. ಈಗ ತಿರುಮಕೂಡಲು ನರಸೀಪುರದಲ್ಲಿ ಹೆಣ್ಣುಮಕ್ಕಳಿಗೆ ಲೆಕ್ಕ ಹೇಳುತ್ತೇನೆ. ನನಗೆ ಬಾರದ ಪಾಠವನ್ನು ಯಾರಾದರೂ ಹುಡುಗಿ ಕೇಳಿದರೆ, ನಾಳೆ ಬಾ ಎಂದು ಕಳಿಸಿ, ಕಲಿಯಲು ಕೂರುತ್ತೇನೆ.